ಎಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲ, ಹಾಲು ಗೋಧಿ ಎರಡೂ ಆಗಲ್ಲ. ತೂಕ ಹೆಚ್ಚಿಸಿಕೊಳ್ಳುವುದು ಹೇಗೆ?

ನೀವು ಬರೆದದ್ದು ಇಷ್ಟು: ವಯಸ್ಸು 24, ತೂಕ 42 ಕೆಜಿ. ಹಾಲು ಕುಡಿದರೆ ಭೇದಿ, ಚಪಾತಿ ತಿಂದರೆ ಹೊಟ್ಟೆ ಉಬ್ಬರ. ಎರಡು ವಾರದಿಂದ ಗೋಧಿ ಬಿಟ್ಟಿದ್ದೀರಿ. ದಪ್ಪ ಆಗಲು ಏನು ತಿನ್ನಲಿ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಆದರೆ ಐದು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದು ನಾನೂ ಊರೆಲ್ಲ ಅಲೆದಿದ್ದೆ. ಎತ್ತರ ಐದಡಿ ಮೂರಿಂಚು, ತೂಕ 41. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸಿಕ್ಕವರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಂದು ಕಡೆ 'ಟೆನ್ಷನ್ ಕಡಿಮೆ ಮಾಡಿಕೊಳ್ಳಿ' ಅಂದರು. ನಮ್ಮತ್ತೆ ಪಾಪ, ದಿನಕ್ಕೆ ಎರಡು ಹೊತ್ತು ದೊಡ್ಡ ಲೋಟದಲ್ಲಿ ಹಾಲಿಗೆ ಮಾಲ್ಟ್ ಪುಡಿ ಕಲಸಿ ಎದುರಿಗೆ ನಿಂತು ಕುಡಿಸುತ್ತಿದ್ದರು. ಕುಡಿದ ಅರ್ಧ ಗಂಟೆಗೆ ನಾನು ಬಚ್ಚಲ ಕಡೆ ಓಡುತ್ತಿದ್ದೆ. ಆ ಪುಡಿ ಬಾರ್ಲಿ ಮತ್ತು ಗೋಧಿಯದ್ದು ಅಂತ ಡಬ್ಬಿಯ ಹಿಂದೆಯೇ ಬರೆದಿತ್ತು. ಯಾರು ಓದುತ್ತಾರೆ?

ಕೊನೆಗೆ ಹೊಟ್ಟೆಯ ಡಾಕ್ಟರ್ ಒಬ್ಬರು ಬೇರೆಯೇ ಪ್ರಶ್ನೆ ಕೇಳಿದರು: 'ಕಬ್ಬಿಣದ ಮಾತ್ರೆ ಎಷ್ಟು ದಿನದಿಂದ ನುಂಗುತ್ತಿದ್ದೀರಿ?' ಎರಡು ವರ್ಷ ಅಂದೆ. 'ಹಿಮೋಗ್ಲೋಬಿನ್ ಇನ್ನೂ 8ರಲ್ಲೇ ಇದೆ. ಅಂದರೆ ಒಳಗೆ ಹೋಗಿದ್ದು ರಕ್ತಕ್ಕೆ ಸೇರುತ್ತಿಲ್ಲ' ಅಂದರು. ರಕ್ತದಲ್ಲಿ ಟಿಟಿಜಿ ಐಜಿಎ ಅನ್ನುವ ಪರೀಕ್ಷೆ ಮಾಡಿಸಿದರು, ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸೀಲಿಯಾಕ್ ಅಂತ ಬಂತು.

ಅವರು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗೆ, ತುಂಬಾ ಸಣ್ಣ ಎಳೆಗಳಿರುತ್ತವೆ. ಊಟದ ಸಾರ ಹೀರುವುದು ಅವೇ. ಸೀಲಿಯಾಕ್ ಇರುವವರು ಗೋಧಿ, ಬಾರ್ಲಿ, ರೈ ಅನ್ನುವ ಧಾನ್ಯ ತಿಂದರೆ ಅವುಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೊಟೀನ್‌ಗೆ ಮೈ ತಿರುಗಿಬಿದ್ದು ಈ ಎಳೆಗಳನ್ನೇ ಹಾಳು ಮಾಡುತ್ತದೆ. ಟವೆಲ್ ಸವೆದು ಟೆರಿಕಾಟ್ ಬಟ್ಟೆ ಆದ ಹಾಗೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಅನ್ನುವ ಕಿಣ್ವ ತಯಾರಾಗುವುದೂ ಆ ಎಳೆಗಳ ತುದಿಯಲ್ಲೇ. ಅದಕ್ಕೇ ಗೋಧಿಯ ಜೊತೆಗೆ ಹಾಲೂ ಕೈಕೊಡುವುದು. ಕಬ್ಬಿಣ ಹೀರುವ ಜಾಗವೂ ಸಣ್ಣ ಕರುಳಿನ ಶುರುವಿನಲ್ಲೇ ಇದೆ, ಏಟು ಜಾಸ್ತಿ ಬೀಳುವುದೂ ಅಲ್ಲೇ.

ಹಾಗಾಗಿ ಏನು ತಿನ್ನಬೇಕು ಅನ್ನುವುದು ನಿಮ್ಮ ಎರಡನೇ ಪ್ರಶ್ನೆ. ಯಾಕೆ ಮೈಗೆ ಹತ್ತುತ್ತಿಲ್ಲ ಅನ್ನುವುದು ಮೊದಲನೆಯದು. ನಿಮಗೂ ಸೀಲಿಯಾಕ್ ಇದೆ ಅಂತ ನಾನು ಹೇಳುತ್ತಿಲ್ಲ. ಇದು ಗೋಧಿ ಜಾಸ್ತಿ ತಿನ್ನುವ ಉತ್ತರ ಭಾರತದಲ್ಲೇ ಹೆಚ್ಚು, ನಮ್ಮ ಕಡೆ ಕಡಿಮೆ. ಥೈರಾಯ್ಡ್ ಇರಬಹುದು, ಜಿಯಾರ್ಡಿಯಾ ಅನ್ನುವ ಕರುಳಿನ ಪರಾವಲಂಬಿ ಇರಬಹುದು, ಕರುಳಿನ ಟಿಬಿ ಇರಬಹುದು. ಮಲ ಜಿಡ್ಡು ಜಿಡ್ಡಾಗಿ, ನೀರು ಹಾಕಿದರೂ ಹೋಗದೆ ಅಂಟಿಕೊಳ್ಳುತ್ತದೆ ಅಂದರೆ ಮೇದೋಜೀರಕ ಗ್ರಂಥಿಯ ತೊಂದರೆಯೂ ಇರಬಹುದು. ಒಂದೊಂದಕ್ಕೆ ಒಂದೊಂದು ಔಷಧಿ. ಶೇಂಗಾ ಉಂಡೆ ಇದ್ಯಾವುದನ್ನೂ ವಾಸಿ ಮಾಡಲ್ಲ.

ಒಂದು ಮುಖ್ಯ ವಿಷಯ. ಗೋಧಿ ಬಿಟ್ಟು ಪರೀಕ್ಷೆಗೆ ಹೋದರೆ ರಿಪೋರ್ಟ್ ಸುಳ್ಳು ಹೇಳಬಹುದು. ನೀವು ಎರಡು ವಾರದಿಂದ ಬಿಟ್ಟಿರುವುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಮತ್ತೆ ಕೆಲವು ವಾರ ತಿಂದು ಬನ್ನಿ ಅನ್ನಬಹುದು. ಕಷ್ಟ, ಗೊತ್ತು. ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಈ ವಾರವೇ ಹೋಗಿ.

ಇನ್ನು ಊಟ. ನನ್ನ ತವರು ಗದಗದ ಕಡೆ, ಗಂಡನ ಮನೆ ತುಮಕೂರು. ಅಲ್ಲಿಯ ಜೋಳ, ಇಲ್ಲಿಯ ರಾಗಿ, ಎರಡರಲ್ಲೂ ಗ್ಲುಟೆನ್ ಇಲ್ಲ. ಈ ಕಾಯಿಲೆ ಬರಲೇಬೇಕಿದ್ದರೆ ಕರ್ನಾಟಕದಲ್ಲಿ ಬರುವುದೇ ವಾಸಿ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. ಆದರೆ ಗೋಧಿ ಬಿಟ್ಟ ಮೊದಲ ತಿಂಗಳು ಮುದ್ದೆಯೂ ಭಾರ ಅನಿಸಿತು. ಮೆತ್ತಗಿನ ಅನ್ನ, ಹೆಸರುಬೇಳೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅಷ್ಟೇ. ಕಡಲೆಕಾಳು, ಹುರುಳಿ ಮುಟ್ಟಲೇ ಇಲ್ಲ. ಒಂದೇ ಸಲ ತಟ್ಟೆ ತುಂಬ ಬಡಿಸಿಕೊಳ್ಳದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿಂದೆ.

ಹೊಟ್ಟೆ ಒಪ್ಪಿಕೊಂಡ ಮೇಲೆ ಕ್ಯಾಲೊರಿ ಏರಿಸಿದ್ದು ಎಣ್ಣೆ, ತುಪ್ಪ, ಶೇಂಗಾದಿಂದ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ, ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನಬಹುದು. ಇಡ್ಲಿಗೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಎಣ್ಣೆ. ಹನ್ನೊಂದು ಗಂಟೆಗೆ ಶೇಂಗಾ ಉಂಡೆ. ದಿನಕ್ಕೆ ಮುನ್ನೂರು ನಾನೂರು ಕ್ಯಾಲೊರಿ ಜಾಸ್ತಿ ಆದರೆ ಸಾಕು, ತಟ್ಟೆ ದೊಡ್ಡದಾಗುವುದಿಲ್ಲ. ಜಿಡ್ಡು ಮಲ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೀಗೆ ಎಣ್ಣೆ ತುಪ್ಪ ಏರಿಸಬಾರದು. ಊಟದ ಜೊತೆಗಿನ ಟೀ ಬಿಟ್ಟೆ, ಅದು ಕಬ್ಬಿಣವನ್ನು ಸರಿಯಾಗಿ ಹೀರಲು ಬಿಡಲ್ಲ. ಅನ್ನಕ್ಕೆ ನಿಂಬೆರಸ ಹಿಂಡಿಕೊಂಡೆ. ಕಬ್ಬಿಣದ ಮಾತ್ರೆ ಒಂದು ಹೊತ್ತು, ಕ್ಯಾಲ್ಸಿಯಂ ಇನ್ನೊಂದು ಹೊತ್ತು.

ತಿನ್ನುವುದಕ್ಕಿಂತ ತಪ್ಪಿಸುವುದೇ ದೊಡ್ಡ ಕೆಲಸ. ರವೆ ಗೋಧಿಯದ್ದೇ ಅಂತ ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ. 'ಚಪಾತಿ ಬೇಡ, ಶಿರಾ ತಿನ್ನಮ್ಮ' ಅನ್ನುತ್ತಾರೆ. ಮನೆಯಲ್ಲಿ ಇಷ್ಟೆಲ್ಲ ಮಾಡಿದರೂ ಎರಡು ತಿಂಗಳು ಉಬ್ಬರ ಪೂರ್ತಿ ಹೋಗಲಿಲ್ಲ. ಒಂದು ಕಳ್ಳ ಸಿಕ್ಕಿದ್ದು ಇಂಗಿನ ಡಬ್ಬಿಯಲ್ಲಿ, ಪುಡಿ ಇಂಗಿಗೆ ಎಷ್ಟೋ ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ. ಇನ್ನೊಂದು ಹಿಟ್ಟಿನ ಗಿರಣಿಯಲ್ಲಿ. ನನ್ನ ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗುತ್ತಿದ್ದರು, ಅದೇ ಕಲ್ಲಿಗೆ ನನ್ನ ರಾಗಿ ಬೀಳುತ್ತಿತ್ತು. ಒಂದು ದಿನ ಚೀಲದ ಬಾಯಿ ಬಿಚ್ಚಿ ನೋಡಿದರೆ ಕಂದು ಹಿಟ್ಟಿನ ಮೇಲೆ ಬಿಳಿ ಗೆರೆ! ಗಿರಣಿಯ ಯಜಮಾನರಿಗೆ ಹೇಳಿದರೆ, 'ಅಷ್ಟಕ್ಕೆಲ್ಲ ಏನಾಗಲ್ಲ ತಾಯಿ, ಗೋಧಿ ಶಕ್ತಿ ಅಲ್ವಾ' ಅಂದರು. ಅವರ ಜೊತೆ ಏನು ವಾದ? ಚಿಕ್ಕದೊಂದು ಮನೆ ಗಿರಣಿ ತೆಗೆದುಕೊಂಡೆವು. ಪ್ಯಾಕೆಟ್ ಕೊಳ್ಳುವುದಾದರೆ ಗ್ಲುಟೆನ್ ಫ್ರೀ ಅಂತ ಬರೆದದ್ದನ್ನೇ ಕೊಳ್ಳಿ. ನಮ್ಮ ದೇಶದ ನಿಯಮದಲ್ಲಿ ಹಾಗೆ ಬರೆಯಬೇಕಾದರೆ ಅದರಲ್ಲಿ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ಮೀರುವ ಹಾಗಿಲ್ಲ.

ಎರಡು ವಸ್ತುವಿನಿಂದ ದೂರ ಇರಿ. ಜಿಮ್ಮಿನವರು ಕೊಡುವ ಸಾದಾ ವೇ ಪುಡಿ ಹಾಲಿನಿಂದ ತೆಗೆದ ಪ್ರೊಟೀನ್, ಅದರಲ್ಲಿ ಲ್ಯಾಕ್ಟೋಸ್ ಇರುತ್ತದೆ. ಇನ್ನು ಚೀಟಿ ಇಲ್ಲದೆ ಕೊಡುವ 'ದಪ್ಪ ಆಗೋ ಮಾತ್ರೆ'. ಎಷ್ಟೋ ಸಲ ಅದು ಸ್ಟೆರಾಯ್ಡ್. ಮುಖ ಊದುತ್ತದೆ, ನೋಡಿದವರು ಚೆನ್ನಾಗಿ ಆಗಿದ್ದೀಯ ಅನ್ನುತ್ತಾರೆ, ಒಳಗೆ ಮೂಳೆ ಸವೆಯುತ್ತಿರುತ್ತದೆ.

ಮೊದಲ ಆರು ವಾರ ನನ್ನ ತೂಕದ ಮುಳ್ಳು ಅಲುಗಲೇ ಇಲ್ಲ. ಅತ್ತುಬಿಟ್ಟಿದ್ದೆ. ಆದರೆ ಬಚ್ಚಲಿಗೆ ಓಡುವುದು ದಿನಕ್ಕೆ ಐದರಿಂದ ಎರಡಕ್ಕೆ ಇಳಿದಿತ್ತು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾಲ್ಕನೇ ತಿಂಗಳು ಎರಡು ಚಮಚ ಹುಳಿ ಮೊಸರಿನಿಂದ ಶುರು ಮಾಡಿದೆ, ದಕ್ಕಿತು. ಹದಿನಾಲ್ಕು ತಿಂಗಳಿಗೆ 50 ಕೆಜಿ. ಈಗ ರಾತ್ರಿ ಅರ್ಧ ಲೋಟ ಹಾಲು ಕುಡಿದು ನಿದ್ದೆ ಮಾಡುತ್ತೇನೆ. ಬಿಸಿ ಮಾಡಿ ಕೊಡುವವರು ನಮ್ಮತ್ತೆಯೇ. ಯಾವ ಡಬ್ಬಿ ತಂದರೂ ಮೊದಲು ಕನ್ನಡಕ ಹುಡುಕಿ ಹಿಂಬದಿ ಓದುತ್ತಾರೆ.