ಮಾಡೆಲ್ ರೈಲಿನ ಹಿಡಿಕೆ ಯಾಕೆ ಉದುರುತ್ತದೆ?

ಪ್ರಶ್ನೆ: ನನ್ನ ಎಚ್‌ಓ ಸ್ಕೇಲಿನ ಗೂಡ್ಸ್ ಡಬ್ಬಿಗಳಿಗೆ ಹಿಡಿಕೆ ಕಂಬಿ, ಮೆಟ್ಟಿಲು, ಬ್ರೇಕ್ ಚಕ್ರ ಎಲ್ಲವನ್ನೂ ಫೆವಿಕ್ವಿಕ್‌ನಲ್ಲೇ ಅಂಟಿಸುತ್ತೇನೆ. ಡಬ್ಬಿ ಕೈಗೆತ್ತಿಕೊಂಡರೆ ಸಾಕು, ಒಂದಲ್ಲ ಒಂದು ಉದುರುತ್ತದೆ. ಇದಕ್ಕಿಂತ ಗಟ್ಟಿ ಅಂಟು ಯಾವುದು ಹೇಳಿ. – ಓದುಗರೊಬ್ಬರು, ಮಂಡ್ಯ

ಉತ್ತರ: ಅಂಟು ಬದಲಾಯಿಸಬೇಡಿ, ತೂತು ಕೊರೆಯಿರಿ. ಎಚ್‌ಓ ಅಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು ಅಲ್ವಾ, ಒಂದಿಂಚು ದಪ್ಪದ ಕಂಬಿ ಇಲ್ಲಿ 0.3 ಮಿ.ಮೀ. ಆಗುತ್ತದೆ. ಅಷ್ಟು ಸಣ್ಣ ತುದಿಯನ್ನು ಸುಮ್ನೆ ಗೋಡೆಗೆ ತಾಗಿಸಿದರೆ ಅಂಟು ಹಿಡಿಯೋಕೆ ಜಾಗ ಎಲ್ಲಿದೆ? ಅದೂ ಅಲ್ಲದೆ ಫೆವಿಕ್ವಿಕ್ ಒಣಗಿದ ಮೇಲೆ ಪೆಡಸು, ಪಕ್ಕದಿಂದ ಬೆರಳು ತಗುಲಿದರೆ ಚಟ್ ಅಂತ ಬಿಟ್ಟುಬಿಡುತ್ತದೆ.

ಚಿನಿವಾರರ ಸಾಮಾನು ಮಾರುವ ಅಂಗಡಿಗಳಲ್ಲಿ ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್ ಕೇಳಿ ನೋಡಿ. ಮೊದಲು ಸೂಜಿಯಿಂದ ಗುರುತು ಚುಚ್ಚಿ, ಇಲ್ಲದಿದ್ದರೆ ಬಿಟ್ ಜಾರುತ್ತದೆ. ಕಂಬಿಗಿಂತ ಕೂದಲೆಳೆ ದೊಡ್ಡ ತೂತು ಸಾಕು. ಹಿತ್ತಾಳೆ ತಂತಿಯ ಹಿಡಿಕೆಯ ಎರಡೂ ಕಾಲನ್ನು ಒಳಗೆ ತೂರಿಸಿ, ಡಬ್ಬಿಯ ಒಳಗಡೆಯಿಂದ ಗುಂಡುಸೂಜಿ ಮೊನೆಯಲ್ಲಿ ಒಂದೇ ಹನಿ ಅಂಟು ಮುಟ್ಟಿಸಿ. ಹೊರಗೆ ಕಲೆಯೂ ಕಾಣುವುದಿಲ್ಲ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದರೆ ಹಳೆ ಬೋಗಿಗಳ ಹಿಡಿಕೆ, ಮೆಟ್ಟಿಲು ಎಲ್ಲೆಲ್ಲಿ ಕೂರುತ್ತವೆ ಅಂತ ಹತ್ತಿರದಿಂದಲೇ ನೋಡಿಕೊಳ್ಳಬಹುದು.

ಇನ್ನು ಪ್ಲಾಸ್ಟಿಕ್ ಭಾಗಗಳು. ಡಬ್ಬಿಯೂ ಭಾಗವೂ ಎರಡೂ ಪಾಲಿಸ್ಟೈರೀನ್ ಆಗಿದ್ದರೆ ಮಾಡೆಲ್ ಕಿಟ್‌ಗಳಿಗೆ ಬಳಸುವ, ಸಿಮೆಂಟ್ ಅಂತ ಕರೆಯುವ ತೆಳು ಪ್ಲಾಸ್ಟಿಕ್ ಅಂಟು ಒಳ್ಳೆಯದು, ಅದು ಎರಡನ್ನೂ ಸ್ವಲ್ಪ ಕರಗಿಸಿ ಒಂದು ಮಾಡುತ್ತದೆ. ಆದರೆ ಬಣ್ಣದ ಮೇಲೆ ಹಚ್ಚಿದರೆ ಅಂಟುವುದು ಬಣ್ಣಕ್ಕೆ ಮಾತ್ರ, ಆ ಜಾಗ ಬ್ಲೇಡಿನಿಂದ ಕೆರೆದುಕೊಳ್ಳಿ. ಮುಟ್ಟಿದರೆ ಜಾರುವ, ಬಗ್ಗಿಸಿದರೂ ಮುರಿಯದ ಮೆಟ್ಟಿಲುಗಳು ಬಹುಶಃ ಡೆಲ್ರಿನ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್. ಅದಕ್ಕೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ, ಜಗಳ ಆಡೋದೇ ದಂಡ. ಕಾಲು ತೂತಿನಲ್ಲಿ ಬಿಗಿಯಾಗಿ ಕೂರಬೇಕು, ಇಲ್ಲವೇ ತಂತಿಯಲ್ಲಿ ಹೊಸದು ಬಗ್ಗಿಸಿಕೊಳ್ಳಿ.

ಪ್ರಶ್ನೆ: ಬೋಗಿಯ ಕಿಟಕಿಗೆ ಪಾರದರ್ಶಕ ಶೀಟ್ ಅಂಟಿಸಿದೆ. ಮಾರನೇ ದಿನ ಬೆಳ್ಳಗೆ ಮಂಜು ಹಿಡಿದ ಹಾಗಾಗಿದೆ. – ಓದುಗರು, ಮೈಸೂರು

ಉತ್ತರ: ನೀವೂ ಫೆವಿಕ್ವಿಕ್ ಹಾಕಿದ್ದೀರಿ ಅನ್ನಿಸುತ್ತದೆ. ಅದರ ಆವಿ ಶೀಟಿನ ಮೇಲೆ ಕೂತು ಬಿಳಿಯಾಗುತ್ತದೆ. ಕಿಟಕಿಗೆ ಭಾರ ಬೀಳುವುದಿಲ್ಲ, ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದೂ ಇಲ್ಲ. ಜಾಸ್ತಿಯಾಗಿ ಅಂಚಿನಿಂದ ಹೊರಬಂದರೆ ಹಸಿ ಇರುವಾಗಲೇ ಒದ್ದೆ ಹತ್ತಿಯಲ್ಲಿ ಒರೆಸಿಬಿಡಿ.