ಬೆಳಕಿಗೆ ತೂಕವಿಲ್ಲ, ಆದರೂ ಬಾಗೋದು ಹೇಗೆ?

ಪ್ರಶ್ನೆ: ಬೆಳಕಿಗೆ ದ್ರವ್ಯರಾಶಿಯೇ ಇಲ್ಲ ಅಂತೀರಿ. ಮತ್ತೆ ಸೂರ್ಯ ಅದನ್ನು ಎಳೆಯುವುದು ಹೇಗೆ ಸರ್?
(ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಎಳೆಯುವುದೇ ಇಲ್ಲಮ್ಮ! ಐನ್‌ಸ್ಟೈನ್ 1915ರಲ್ಲಿ ಹೇಳಿದ್ದು ಅದನ್ನೇ. ಸೂರ್ಯನ ಸುತ್ತ ದೇಶಕಾಲವೇ (ಜಾಗ ಮತ್ತು ಕಾಲ ಸೇರಿದ ಹಂದರ) ಬಾಗಿದೆ, ಬೆಳಕು ಅಲ್ಲಿ ಸಿಗುವ ಅತಿ ನೇರವಾದ ದಾರಿ ಹಿಡಿದು ಹೋಗುತ್ತದೆ, ದೂರದಿಂದ ನೋಡುವ ನಮಗೆ ಆ ದಾರಿ ಬಾಗಿದಂತೆ ಕಾಣುತ್ತದೆ. ಸೂರ್ಯನ ಅಂಚು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಒಂದು ಡಿಗ್ರಿ ಕೋನದ 3600ರಲ್ಲಿ ಒಂದು ಭಾಗ) ಬಾಗಬೇಕು ಅಂತ ಅವರ ಲೆಕ್ಕ. ನ್ಯೂಟನ್ ನಿಯಮದಿಂದ ಹೊರಟರೆ ಬರುವುದು ಅದರ ಅರ್ಧ. 1919ರ ಮೇ 29ರ ಸೂರ್ಯಗ್ರಹಣದಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪದಲ್ಲೂ ಬ್ರೆಜಿಲ್‌ನ ಸೊಬ್ರಾಲ್‌ನಲ್ಲೂ ವಿಜ್ಞಾನಿಗಳು ಸೂರ್ಯನ ಪಕ್ಕದ ನಕ್ಷತ್ರಗಳ ಫೋಟೋ ತೆಗೆದು ಈ ಬಾಗು ಅಳೆದರು. ಗೆದ್ದದ್ದು ಐನ್‌ಸ್ಟೈನ್ ಲೆಕ್ಕ.

ಪ್ರಶ್ನೆ: ದೇಶಕಾಲ ಬಾಗುವುದನ್ನು ತೋರಿಸಲು ರಬ್ಬರ್ ಹಾಳೆಯ ಮೇಲೆ ಭಾರದ ಗುಂಡು ಇಟ್ಟು ಹಾಳೆ ತಗ್ಗಿದ ಚಿತ್ರ ಕೊಡ್ತಾರಲ್ಲ, ಅದು ಸರಿಯೇ?

ಉತ್ತರ: ಅರ್ಧ ಸರಿ. ನನಗಂತೂ ಆ ಚಿತ್ರದ ಮೇಲೆ ತಕರಾರಿದೆ, ಯಾಕಂದ್ರೆ ಅದು ಜಾಗ ಬಾಗುವುದನ್ನು ಮಾತ್ರ ತೋರಿಸಿ ಕಾಲವನ್ನು ಬಿಟ್ಟೇ ಬಿಡುತ್ತದೆ. ಮಾವಿನಕಾಯಿ ಮರದಿಂದ ಬೀಳುವುದರಲ್ಲಿ ಕಾಲದ ಪಾತ್ರವೇ ಜಾಸ್ತಿ. ಕಾಲ ಬಾಗುವುದು ಅಂದ್ರೆ ಇದೇ: ನೆಲದ ಹತ್ತಿರ ಗಡಿಯಾರ ನಿಧಾನ, ಎತ್ತರಕ್ಕೆ ಹೋದಂತೆ ಚುರುಕು.

ಪ್ರಶ್ನೆ: ಇದೆಲ್ಲ ನಮ್ಮ ದಿನದ ಬದುಕಿಗೆ ಬೇಕಾ?

ಉತ್ತರ: ಫೋನಿನಲ್ಲಿ ಮ್ಯಾಪ್ ನೋಡ್ತೀರಿ, ಅಲ್ವಾ? ಜಿಪಿಎಸ್ ಉಪಗ್ರಹಗಳ ಸಂಕೇತ ಬಂದು ಸೇರಿದ ಸಮಯದಿಂದಲೇ ಫೋನು ದೂರ ಲೆಕ್ಕ ಹಾಕಿ ನೀವಿರುವ ಜಾಗ ಹೇಳುತ್ತದೆ. ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹದಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ 45 ಭಾಗ) ಮುಂದೆ ಓಡುತ್ತದೆ, ಉಪಗ್ರಹದ ವೇಗದಿಂದ 7 ಹಿಂದೆ ಬೀಳುತ್ತದೆ. ಉಳಿಯುವ ಈ 38 ಮೈಕ್ರೋಸೆಕೆಂಡನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕ ಸುಮಾರು 10 ಕಿ.ಮೀ. ತಪ್ಪುತ್ತದೆ.