ಹಡಗಿನಲ್ಲಿ ಉಸಿರಾಡಿದ ಕಲ್ನಾರು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಾನು 1971ರಲ್ಲಿ ನೌಕಾಪಡೆಗೆ ಸೇರಿ, 15 ವರ್ಷ ಹಳೆಯ ಉಗಿ ಹಡಗುಗಳ ಬಾಯ್ಲರ್ ರೂಮು, ಎಂಜಿನ್ ರೂಮುಗಳಲ್ಲಿ ಮೆಕ್ಯಾನಿಕ್ ಆಗಿ ದುಡಿದು, ಊರಿಗೆ ಮರಳಿ ರೇಷ್ಮೆ ಮತ್ತು ಟೊಮೆಟೊ ಬೆಳೆದುಕೊಂಡಿದ್ದೇನೆ. ರಿಫಿಟ್, ಅಂದರೆ ಹಡಗಿನ ದೊಡ್ಡ ದುರಸ್ತಿಯ ಸಮಯದಲ್ಲಿ ಉಗಿ ಪೈಪುಗಳ ಲ್ಯಾಗಿಂಗನ್ನು (ಶಾಖ ತಡೆಯುವ ಹೊದಿಕೆಯನ್ನು) ಸುತ್ತಿಗೆ, ಉಳಿ ಹಿಡಿದು ನಾವೇ ಒಡೆದು ಕೀಳುತ್ತಿದ್ದೆವು. ಫಿರಂಗಿ ಹಾರಿಸಿದಾಗ, ನಾವು ಉಂಡು ಮಲಗುವ ಮೆಸ್‌ಡೆಕ್ಕಿನ ಸೂರಿನ ಪೈಪುಗಳಿಂದ ಬಿಳಿ ಪುಡಿ ಉದುರಿ, ಚಹಾದ ಮಗ್ಗಿನ ಮೇಲೆ ಕೆನೆ ಕಟ್ಟಿದಂತೆ ಕೂರುತ್ತಿತ್ತು. ಅದನ್ನು ಬೆರಳಿನಿಂದ ತೆಗೆದುಹಾಕಿ ಚಹಾ ಕುಡಿಯುತ್ತಿದ್ದೆವು. ಎರಡು ವರ್ಷಗಳಿಂದ ಅಂತರಗಂಗೆಯ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದೆ. ಸ್ಕ್ಯಾನ್ ವರದಿಯಲ್ಲಿ ಎರಡೂ ಕಡೆ ಸುಣ್ಣಗಟ್ಟಿದ ಪ್ಲಾಕ್‌ಗಳಿವೆ (ಶ್ವಾಸಕೋಶದ ಹೊದಿಕೆಯ ಗಟ್ಟಿ ಕಲೆಗಳು), ಶ್ವಾಸಕೋಶದ ಬುಡದಲ್ಲಿ ಫೈಬ್ರೋಸಿಸ್ (ಅಂಗಾಂಶ ಗಟ್ಟಿಯಾಗುವುದು) ಇದೆ ಎಂದು ಬರೆದಿದ್ದಾರೆ. ಮೊದಲು ನೋಡಿದ ವೈದ್ಯರು ಹಳೆಯ ಕ್ಷಯದ ಗುರುತು ಎಂದರು. ನನಗೆ ಕ್ಷಯ ಎಂದೂ ಬಂದಿಲ್ಲ. 40 ವರ್ಷದ ಹಿಂದಿನ ಧೂಳು ಈಗ ಕಾಡಬಹುದೇ?
– ನಿವೃತ್ತ ನಾವಿಕ, ಕೋಲಾರ ತಾಲ್ಲೂಕು

ಉತ್ತರ: ಕಾಡಬಹುದು. ಅಷ್ಟು ತಡವಾಗಿ ಕಾಣಿಸಿಕೊಳ್ಳುವುದೇ ಈ ಧೂಳಿನ ಸ್ವಭಾವ. ನೀವು ಒಡೆಯುತ್ತಿದ್ದ ಲ್ಯಾಗಿಂಗ್, ಆ ಕಾಲದ ಉಗಿ ಹಡಗುಗಳಲ್ಲಿ, ಬಹುಮಟ್ಟಿಗೆ ಕಲ್ನಾರಿನದು, ಅಂದರೆ ಆಸ್ಬೆಸ್ಟಾಸಿನದು. ನಮ್ಮ ನೌಕಾಪಡೆಯ ಅಂದಿನ ದೊಡ್ಡ ಹಡಗುಗಳಲ್ಲಿ ಹಲವು ಬ್ರಿಟನ್ನಿನಲ್ಲಿ ಕಟ್ಟಿದವು. 1957ರಲ್ಲಿ ಸೇರಿದ ಐಎನ್‌ಎಸ್ ಮೈಸೂರು ಅದಕ್ಕೂ ಮೊದಲು ‘ನೈಜೀರಿಯಾ’ ಎಂಬ ಹೆಸರಿನ ಬ್ರಿಟಿಷ್ ಕ್ರೂಸರ್ ಆಗಿತ್ತು. 1961ರಲ್ಲಿ ಸೇವೆಗೆ ಬಂದ ಐಎನ್‌ಎಸ್ ವಿಕ್ರಾಂತ್ ನೀರಿಗಿಳಿದದ್ದು 1945ರಲ್ಲಿ. ಆ ದಶಕಗಳಲ್ಲಿ ಜಗತ್ತಿನ ಯಾವ ಹಡಗುಕಟ್ಟೆಯೂ ಕಲ್ನಾರಿಲ್ಲದೆ ಬಾಯ್ಲರ್ ರೂಮು ಕಟ್ಟುತ್ತಿರಲಿಲ್ಲವೆಂದೇ ಹೇಳಬಹುದು. ಅದು ಉರಿಯುವುದಿಲ್ಲ, ಹಗುರ, ಉಪ್ಪುನೀರಿಗೆ ಕೊಳೆಯುವುದಿಲ್ಲ, ಹತ್ತಿಯಂತೆ ನೂತು ನೇಯಬಹುದು. ನೂರಾರು ಡಿಗ್ರಿ ಕಾದ ಉಗಿ ಹರಿಯುವ ಪೈಪನ್ನು ಮನುಷ್ಯರು ಮಲಗುವ ಜಾಗದ ಮೇಲೆಯೇ ಹಾಯಿಸಬೇಕಾದ ಹಡಗಿಗೆ ಇದಕ್ಕಿಂತ ಅಗ್ಗದ ಹೊದಿಕೆ ಆಗ ಇರಲಿಲ್ಲ.

ಅದೇ ಎಳೆ ಒಳಗೆ ಹೋದಾಗ ಶತ್ರುವಾಗುತ್ತದೆ. ಕಲ್ನಾರು ಒಡೆದಾಗ ಅಡ್ಡಡ್ಡ ಮುರಿಯದೆ ಉದ್ದುದ್ದ ಸೀಳಿ, ಕಣ್ಣಿಗೆ ಕಾಣದಷ್ಟು ತೆಳುವಾದ ಸೂಜಿಗಳಾಗಿ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ನಿಮ್ಮ ಮಗ್ಗಿನ ಮೇಲೆ ಕಂಡ ಬಿಳಿ ಪುಡಿಗಿಂತ, ಕಾಣದೆ ಉಸಿರಿಗೆ ಸೇರಿದ್ದೇ ಹೆಚ್ಚು ಹಾನಿಕರ. ಶ್ವಾಸಕೋಶದ ಕಾವಲು ಕೋಶಗಳು ಅದನ್ನು ನುಂಗಲು ಹೋಗಿ, ತಮಗಿಂತ ಉದ್ದವಾದ ಎಳೆಯನ್ನು ಪೂರ್ತಿ ನುಂಗಲಾಗದೆ ಸಾಯುತ್ತವೆ; ಅವು ಬಿಟ್ಟ ರಾಸಾಯನಿಕಗಳಿಂದ ಸುತ್ತಲಿನ ಅಂಗಾಂಶ ಉರಿಯೂತಗೊಂಡು, ವರ್ಷಗಳು ಕಳೆದಂತೆ ಗಾಯ ಮಾಗಿದ ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಹೀಗೆ ಬಿಗಿದ ಶ್ವಾಸಕೋಶದ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಕೆಲಸ ಬಿಟ್ಟು ದಶಕಗಳಾದರೂ ಅದು ನಿಧಾನವಾಗಿ ಮುಂದುವರಿಯಬಲ್ಲದು.

ಕ್ಷಯದ ವಿಷಯಕ್ಕೆ ಬರೋಣ. ನಿಮ್ಮ ವೈದ್ಯರನ್ನು ನಾನು ಪೂರ್ತಿ ದೂರುವುದಿಲ್ಲ. ಕೆಜಿಎಫ್‌ನ ಗಣಿಯಲ್ಲಿ ದುಡಿದವರು ಕೆಮ್ಮುತ್ತ ಬಂದರೆ, 2001ರಲ್ಲಿ ಗಣಿ ಮುಚ್ಚಿ ಇಷ್ಟು ವರ್ಷಗಳಾದ ಮೇಲೂ, ನಮ್ಮ ಜಿಲ್ಲೆಯ ವೈದ್ಯರು ಎಷ್ಟು ವರ್ಷ ಒಳಗೆ ಇಳಿದಿದ್ದಿರಿ ಎಂದು ಕೇಳುತ್ತಾರೆ, ಏಕೆಂದರೆ ಗಣಿಯ ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಇಲ್ಲಿಯದೇ ಕಾಯಿಲೆ. ಸಮುದ್ರವಿರಲಿ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲದ ಊರಿನಲ್ಲಿ, ಎದುರಿಗೆ ಕೂತ ರೈತನನ್ನು ನೀವು ಹಡಗಿನಲ್ಲಿದ್ದಿರಾ ಎಂದು ಯಾರೂ ಕೇಳುವುದಿಲ್ಲ. ಆದರೆ ಫಿಲ್ಮು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಕ್ಷಯದ ಕಲೆ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿರುತ್ತದೆ, ಗಣಿಯ ಸಿಲಿಕಾ ಗಂಟುಗಳೂ ಮೇಲ್ಭಾಗದವೇ. ಕಲ್ನಾರಿನದು ಬುಡದಿಂದ ಆರಂಭವಾಗುತ್ತದೆ. ಕ್ಷಯದ ನಂತರ ಶ್ವಾಸಕೋಶದ ಹೊದಿಕೆ ಸುಣ್ಣಗಟ್ಟುವುದು ಬಹುತೇಕ ಒಂದೇ ಬದಿಗೆ. ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯು ಪರದೆಯ) ಮೇಲೆ, ಪಕ್ಕೆಲುಬಿನ ಒಳಮೈ ಉದ್ದಕ್ಕೂ, ಎರಡೂ ಕಡೆ ಪ್ಲಾಕ್ ಇದ್ದರೆ ಅನುಮಾನ ಮೊದಲು ಕಲ್ನಾರಿನ ಮೇಲೆ ಹೋಗಬೇಕು. ನಿಮ್ಮ ವರದಿ ಹೇಳುತ್ತಿರುವುದು ಕಲ್ನಾರಿನದನ್ನೇ. ಪ್ಲಾಕ್ ಎಂಬುದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ. ಧೂಳು ಒಳಗೆ ಹೋಗಿತ್ತು ಎಂಬುದಕ್ಕೆ ಅದು ದೇಹವೇ ಬರೆದುಕೊಂಡ ಸಾಕ್ಷಿ.

ಇಷ್ಟಾದ ಮೇಲೆ ಭಯದ ಮಾತನ್ನೂ ಮುಚ್ಚಿಡಬಾರದು. ಕಲ್ನಾರು ಶ್ವಾಸಕೋಶದ ಕ್ಯಾನ್ಸರಿಗೂ, ಅದರ ಹೊದಿಕೆಯಲ್ಲಿ ಹುಟ್ಟುವ ಮೆಸೊಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರಿಗೂ ಕಾರಣ. ಎರಡನೆಯದು ತಲೆದೋರಲು 20ರಿಂದ 50 ವರ್ಷ ಹಿಡಿಯಬಹುದು. ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್ಮೋ ಜುಮ್‌ವಾಲ್ಟ್ 2000ದ ಜನವರಿಯಲ್ಲಿ ತೀರಿಕೊಂಡದ್ದು ಇದರಿಂದಲೇ. ಕಲ್ನಾರಿಗೆ ಒಡ್ಡಿಕೊಂಡ ಎಲ್ಲರಿಗೂ ಇದು ಬರುವುದಿಲ್ಲ. ಹೆಚ್ಚಿನವರಿಗೆ ಬರುವುದೇ ಇಲ್ಲ. ನೀವು ಬೀಡಿ, ಸಿಗರೇಟು ಸೇದುತ್ತಿದ್ದರೆ ಇಂದೇ ಬಿಡಿ, ಏಕೆಂದರೆ ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಹೊಗೆಯೂ ಕಲ್ನಾರೂ ಸೇರಿದಾಗ ಅಪಾಯ ಕೂಡುವುದಕ್ಕಿಂತ ಹೆಚ್ಚಾಗಿ ಗುಣಿಸುತ್ತದೆ. ಒಳಗಿರುವ ಎಳೆಯನ್ನು ಹೊರತೆಗೆಯುವ ಔಷಧಿ, ಕಷಾಯ, ಭಸ್ಮ ಯಾವುದೂ ಇಲ್ಲ. ಎದೆರೋಗ ತಜ್ಞರಲ್ಲಿ ಶ್ವಾಸ ಸಾಮರ್ಥ್ಯದ ಪರೀಕ್ಷೆ ಮಾಡಿಸಿ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ. ಒಂದು ಬದಿಗೆ ಬಿಡದ ಎದೆನೋವು, ನೀರು ತುಂಬಿಕೊಳ್ಳುವುದು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡಬೇಡಿ. ಹಾಗೆ ಎದೆಯಲ್ಲಿ ನೀರು ತುಂಬಿದಾಗ ಆ ನೀರನ್ನೂ, ಅಗತ್ಯವಾದರೆ ಹೊದಿಕೆಯ ತುಣುಕನ್ನೂ ಪರೀಕ್ಷಿಸದೆ, ಬರೀ ಅಂದಾಜಿನ ಮೇಲೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಲು ಒಪ್ಪಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಹಡಗಿನಲ್ಲಿದ್ದಾಗ ನಾನು ನಾಲ್ಕು ವರ್ಷ ಮುಂಬೈಯ ಕ್ವಾರ್ಟರ್ಸಿನಲ್ಲಿದ್ದೆ. ಅವರ ನೀಲಿ ಡಾಂಗ್ರಿಯನ್ನು ಕೊಡವಿ, ಕಲ್ಲಿನ ಮೇಲೆ ಕುಕ್ಕಿ ಒಗೆಯುತ್ತಿದ್ದವಳು ನಾನೇ. ನನಗೂ ಅಪಾಯವೇ?
– ಗೃಹಿಣಿ, ಬಂಗಾರಪೇಟೆ

ಉತ್ತರ: ನಿಮ್ಮ ಪ್ರಶ್ನೆಯನ್ನು ವೈದ್ಯರೇ ಮೊದಲು ಕೇಳಬೇಕಿತ್ತು. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಹೆಂಗಸರಿಗೂ ಮೆಸೊಥೆಲಿಯೋಮಾ ಬಂದದ್ದನ್ನು ಲಂಡನ್ನಿನ ವೈದ್ಯರು 1965ರಲ್ಲೇ ದಾಖಲಿಸಿದ್ದಾರೆ. ಒದ್ದೆ ಬಟ್ಟೆಯನ್ನು ಕುಕ್ಕುವುದಕ್ಕಿಂತ ಒಣ ಬಟ್ಟೆಯನ್ನು ಕೊಡವಿದ್ದು ಹೆಚ್ಚು ಅಪಾಯದ್ದು. ಆದರೂ ಯಜಮಾನರು ಉಸಿರಾಡಿದ್ದರ ಮುಂದೆ ನಿಮ್ಮ ಪಾಲು ಸಣ್ಣದು, ಹಾಗಾಗಿ ತೊಂದರೆಯೇನೂ ಇಲ್ಲದಿದ್ದರೆ ವರ್ಷವರ್ಷ ಸ್ಕ್ಯಾನ್ ಮಾಡಿಸುವ ಅಗತ್ಯ ಕಾಣುವುದಿಲ್ಲ. ಮುಂದೆ ಎಂದಾದರೂ ಎದೆಯ ತೊಂದರೆಗೆ ವೈದ್ಯರ ಬಳಿ ಹೋದಾಗ ಈ ನಾಲ್ಕು ವರ್ಷದ ಮಾತನ್ನು ಮರೆಯದೆ ಹೇಳಿ.

ಪ್ರಶ್ನೆ: ನಮ್ಮ ಮನೆಗೆ ಸಿಮೆಂಟ್ ಶೀಟಿನ ಸೂರು. ಅದೂ ಕಲ್ನಾರಿನದಂತೆ. ಕಿತ್ತುಹಾಕಬೇಕೇ?
– ಮಾಲೂರಿನ ಓದುಗರು

ಉತ್ತರ: ಅವಸರದಿಂದ ಕಿತ್ತರೇ ಅಪಾಯ. ಗಟ್ಟಿಯಾಗಿರುವ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿಯಾಗಿರುತ್ತವೆ. ಹಡಗಿನ ಸಡಿಲ ಲ್ಯಾಗಿಂಗಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಗರಗಸ ಹಾಕಬೇಡಿ, ತೂತು ಕೊರೆಯಬೇಡಿ, ಒಣಗಿದ ಪಾಚಿಯನ್ನು ಉಜ್ಜಬೇಡಿ. ತೆಗೆಯಲೇಬೇಕಾದರೆ ನೀರಿನಲ್ಲಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು.

ಪ್ರಶ್ನೆ: ತಂದೆಯವರ ಕಾಯಿಲೆ ಹಡಗಿನ ಕೆಲಸದಿಂದಲೇ ಬಂದದ್ದು ಎಂದು ವೈದ್ಯರು ಒಪ್ಪಿದ್ದಾರೆ. ನಿವೃತ್ತಿಯಾಗಿ ಇಷ್ಟು ವರ್ಷಗಳ ಮೇಲೆ ಪಿಂಚಣಿ ಕೇಳಬಹುದೇ?
– ಮುಳಬಾಗಿಲಿನ ಓದುಗರು

ಉತ್ತರ: ಕೇಳಬಹುದು, ಆದರೆ ದಾರಿ ಸುಲಭವಲ್ಲ. ಸುಪ್ರೀಂ ಕೋರ್ಟು 1995ರ ತೀರ್ಪಿನಲ್ಲಿ ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಆ ತೀರ್ಪು ಗಣಿ ಮತ್ತು ಕಾರ್ಖಾನೆಗಳ ಕುರಿತದ್ದು, ನಾವಿಕರ ಪಿಂಚಣಿಗೆ ಪ್ರತ್ಯೇಕ ನಿಯಮಗಳಿವೆ. ಬ್ರಿಟನ್ನಿನಲ್ಲಿ 1987ಕ್ಕೆ ಮೊದಲಿನ ಸೇವೆಯಿಂದ ಮೆಸೊಥೆಲಿಯೋಮಾ ಬಂದ ಮಾಜಿ ಸೈನಿಕರು 2016ರಿಂದ 1,40,000 ಪೌಂಡನ್ನು ಒಂದೇ ಗಂಟಿನಲ್ಲಿ ಪಡೆಯಬಹುದು. ಬ್ರಿಟನ್ನಿನಲ್ಲೇ ಕಟ್ಟಿದ ಹಡಗುಗಳಲ್ಲಿ ದುಡಿದ ನಮ್ಮವರಿಗೂ ಅಂಥದ್ದೊಂದು ನೇರ ವ್ಯವಸ್ಥೆ ಬೇಕೆಂಬುದು ನನ್ನ ಅಭಿಪ್ರಾಯ.

ಸದ್ಯಕ್ಕೆ, ತಂದೆಯವರ ನೆನಪು ಚೆನ್ನಾಗಿರುವಾಗಲೇ ಅವರನ್ನು ಕೂರಿಸಿಕೊಂಡು ಬರೆಯಿರಿ: ಯಾವ ಹಡಗು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಬಾಯ್ಲರ್ ರೂಮೋ ಎಂಜಿನ್ ರೂಮೋ, ರಿಫಿಟ್ ಎಲ್ಲಿ ನಡೆಯಿತು, ಜೊತೆಗಿದ್ದವರಲ್ಲಿ ಈಗ ಯಾರಿದ್ದಾರೆ. ಸೇವಾ ದಾಖಲೆಯ ಪ್ರತಿಗಾಗಿ ಮುಂಬೈಯ ಬ್ಯೂರೋ ಆಫ್ ಸೈಲರ್ಸ್‌ಗೆ ಅರ್ಜಿ ಹಾಕಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯವರು ಅರ್ಜಿ ಬರೆಯಲು ನೆರವಾಗುತ್ತಾರೆ. ವೈದ್ಯರ ಪತ್ರದಲ್ಲಿ ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು. ಹಡಗಿನಲ್ಲಿ ಮಾಡಿದ ಕೆಲಸ, ಅದರ ಅವಧಿ, ಕಾಯಿಲೆ ತಡವಾಗಿ ಕಾಣಿಸಿಕೊಳ್ಳಲು ಕಾರಣ ಇವು ಮೂರೂ ಇರಬೇಕು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಸಲ್ಲಿಸಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಮೂಲ ಸ್ಕ್ಯಾನ್ ಫಿಲ್ಮುಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಪ್ರತಿ ಮಾಡಿಸಿ ಕೊಡಿ.